ಐದು ವರ್ಷ ನಕ್ಷತ್ರ ನೋಡಿದರೆ ಏನು ಸಿಗುತ್ತೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಶಿವಮೊಗ್ಗದಲ್ಲಿ ಬಿಎಸ್ಸಿ, ಶಂಕರಘಟ್ಟದಲ್ಲಿ ಎಂಎಸ್ಸಿ ಭೌತಶಾಸ್ತ್ರ. ಈಗ 24 ವರ್ಷ. ಜೆಸ್ಟ್ ಪ್ರವೇಶ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಬೆಂಗಳೂರಿನ ಒಂದು ಖಗೋಳಭೌತ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿಗೆ ಆಯ್ಕೆಯಾಗಿದ್ದೇನೆ. ಮೂರು ವಾರದಲ್ಲಿ ಒಪ್ಪಿಗೆ ತಿಳಿಸಬೇಕು. ಇತ್ತ ಶಿವಮೊಗ್ಗದ ಖಾಸಗಿ ಪಿಯು ಕಾಲೇಜೊಂದು 28 ಸಾವಿರ ಸಂಬಳಕ್ಕೆ ಕರೆದಿದೆ. ರಾತ್ರಿಯೆಲ್ಲ ದೂರದರ್ಶಕದ ಹತ್ತಿರ ಕೂರಬೇಕು ಅಂತ ಅಮ್ಮನಿಗೆ ಭಯ. ಸೋದರಮಾವ, "ಐದು ವರ್ಷ ನಕ್ಷತ್ರ ನೋಡಿದರೆ ಏನು ಸಿಗುತ್ತೆ?" ಅಂತಾರೆ. ನನಗೆ ಪ್ರಯೋಗಾಲಯದ ಕೆಲಸ, ಎಲೆಕ್ಟ್ರಾನಿಕ್ಸ್ ಇಷ್ಟ. ಐನ್‌ಸ್ಟೈನರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಅಂದರೆ ಕೈಕಾಲು ತಣ್ಣಗಾಗುತ್ತೆ. ಅಂಥವಳು ವಿಶ್ವವಿಜ್ಞಾನ ಮಾಡಬಹುದೇ? ಮಾರ್ಗದರ್ಶಕರಾಗಿ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು. ಒಬ್ಬರು ವಿಶ್ವದ ಹಿನ್ನೆಲೆ ವಿಕಿರಣದ (ಮಹಾಸ್ಫೋಟದಿಂದ ಉಳಿದುಬಂದ ವಿಕಿರಣ) ಸಿದ್ಧಾಂತದಲ್ಲಿ ದೊಡ್ಡ ಹೆಸರು. ಇನ್ನೊಬ್ಬರು ಹೊಸಬರು, ರೇಡಿಯೊ ಉಪಕರಣ ಕಟ್ಟುವವರು. ಎಲ್ಲರೂ ದೊಡ್ಡ ಹೆಸರಿನ ಹತ್ತಿರ ಸೇರು ಅಂತಿದ್ದಾರೆ. ಅಲ್ಲಿನ ದಿನಗಳು ನಿಜಕ್ಕೂ ಹೇಗಿರುತ್ತವೆ, ಆಮೇಲೆ ಏನಾಗುತ್ತೆ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಸೋದರಮಾವನ ಮಾತು ಒರಟು, ಆದರೆ ಪ್ರಶ್ನೆ ಸರಿಯಾಗಿಯೇ ಇದೆ. ಪ್ರವೇಶ ಸಂದರ್ಶನದಲ್ಲಿ ಖಗೋಳ ಸಂಶೋಧಕರಾದ ನಾವೂ ಅದನ್ನೇ ಸ್ವಲ್ಪ ನಯವಾಗಿ ಕೇಳುತ್ತೇವೆ. ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಸುತ್ತಿಕೊಂಡಿವೆ: ಈ ಕೆಲಸ ನನ್ನ ಕೈಲಾಗುವಂಥದ್ದೇ, ಯಾರ ಬಳಿ ಸೇರಲಿ, ಮುಗಿದ ಮೇಲೆ ಹೊಟ್ಟೆಪಾಡೇನು. ಮೂರಕ್ಕೂ ಉತ್ತರ ಸಿಗಬೇಕಾದರೆ ಮೊದಲು ಆ ಕೆಲಸ ಏನೆಂದು ತಿಳಿಯಬೇಕು. ಹೊರಗಿನವರ ಕಲ್ಪನೆಗೂ ಒಳಗಿನ ದಿನಚರಿಗೂ ಅಜಗಜಾಂತರ.

ಮೊದಲು ಅಮ್ಮನ ಭಯ. ಬೆಂಗಳೂರಿನ ಸಂಸ್ಥೆಗಳ ಆವರಣದಲ್ಲಿ ನೀವು ಸಂಶೋಧನೆಗೆ ಬಳಸುವ ದೊಡ್ಡ ದೂರದರ್ಶಕ ಇರುವುದಿಲ್ಲ. ಊರಿನ ದೀಪ, ಧೂಳು, ಮೊಬೈಲ್ ಟವರುಗಳ ನಡುವೆ ಅದಕ್ಕೆ ಬದುಕಿಲ್ಲ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳು ಇರುವುದು ತಮಿಳುನಾಡಿನ ಕಾವಲೂರಿನಲ್ಲಿ, ಕೊಡೈಕನಾಲಿನಲ್ಲಿ, ಲಡಾಖಿನ ಹಾನ್ಲೆಯಲ್ಲಿ. ಹಾನ್ಲೆ ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರ. ಅಲ್ಲಿ ಉಸಿರಾಡುವುದೇ ಒಂದು ಕೆಲಸ. ಹಾಗಾಗಿ ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ವೀಕ್ಷಕರು ಕೂರುವುದು ಮಾನಿಟರುಗಳ ಮುಂದೆ, ಫ್ಲಾಸ್ಕಿನ ಕಾಫಿ ಪಕ್ಕದಲ್ಲಿಟ್ಟುಕೊಂಡು. ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕಕ್ಕಂತೂ ಹಗಲೂ ಒಂದೇ, ರಾತ್ರಿಯೂ ಒಂದೇ. ಅಲ್ಲಿ ಕಂಟ್ರೋಲ್ ರೂಮಿನಲ್ಲಿ ಆಪರೇಟರುಗಳು ಪಾಳಿಯಲ್ಲಿ ಸದಾ ಇರುತ್ತಾರೆ.

ಇನ್ನು, ಈ ರಾತ್ರಿಗಳು ಎಷ್ಟು? ತೀರ ಕಡಿಮೆ. ದೂರದರ್ಶಕದ ಸಮಯ ಬೇಕಾದರೆ ತಿಂಗಳುಗಟ್ಟಲೆ ಮುಂಚೆ ಪ್ರಸ್ತಾವ ಬರೆಯಬೇಕು: ಯಾವ ಆಕಾಶಕಾಯ, ಏಕೆ ಇದೇ ದೂರದರ್ಶಕ, ಎಷ್ಟು ಗಂಟೆ, ಇಷ್ಟು ಗಂಟೆಯಲ್ಲಿ ಕಂಡೇ ಕಾಣುತ್ತದೆ ಎನ್ನಲು ಲೆಕ್ಕವೇನು. ಸಮಿತಿ ಅದನ್ನು ಓದಿ ಒಪ್ಪಬೇಕು. ಲಭ್ಯ ಇರುವುದಕ್ಕಿಂತ ಹೆಚ್ಚು ಸಮಯಕ್ಕೆ ಬೇಡಿಕೆ ಇರುತ್ತದೆ, ಆದ್ದರಿಂದ ಒಳ್ಳೆಯ ಪ್ರಸ್ತಾವವೂ ಬಿದ್ದುಹೋಗುತ್ತದೆ. ಸಿಕ್ಕ ರಾತ್ರಿ ಮೋಡ ಮುಚ್ಚಿತೋ, ಮುಂದಿನ ಸರದಿಗೆ ಮತ್ತೆ ಅರ್ಜಿ. ಕಾವಲೂರಿಗೆ ಹೋಗಿ ಮೂರು ರಾತ್ರಿ ಮಳೆ ನೋಡಿ ಬಂದವರ ಕಥೆ ನಮ್ಮ ಕ್ಯಾಂಟೀನಿನಲ್ಲಿ ಬೇಕಾದಷ್ಟಿದೆ.

ಹಾಗಾದರೆ ಉಳಿದ ದಿನಗಳಲ್ಲಿ ಏನು ಮಾಡುತ್ತಾರೆ? ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಒಳಗೆ ಕರೆಯುವುದು ಮೋಸವಾದೀತು.

ಬೆಳಿಗ್ಗೆ ಎದ್ದ ಕೂಡಲೇ ನಮ್ಮಲ್ಲಿ ಬಹುಪಾಲು ಜನ ತೆರೆಯುವುದು ಆರ್ಕೈವ್ ಜಾಲತಾಣ. ಜಗತ್ತಿನ ಖಗೋಳ ವಿಜ್ಞಾನಿಗಳು ಪತ್ರಿಕೆಯಲ್ಲಿ ಅಚ್ಚಾಗುವುದಕ್ಕೆ ಮುಂಚೆಯೇ ತಮ್ಮ ಪ್ರಬಂಧಗಳನ್ನು ಹಾಕುವ ಜಾಗ ಅದು, 1991ರಿಂದ ನಡೆದುಬಂದಿದೆ. ಅಮೆರಿಕದ ಪೂರ್ವ ತೀರದ ರಾತ್ರಿ 8 ಗಂಟೆಗೆ ಹೊಸ ಪಟ್ಟಿ ಬರುತ್ತದೆ, ಅಂದರೆ ನಮಗೆ ಕಾಲಕ್ಕೆ ತಕ್ಕಂತೆ ಬೆಳಗಿನ 5.30 ಅಥವಾ 6.30. ನೀವು ಆರು ತಿಂಗಳಿಂದ ಮಾಡುತ್ತಿದ್ದ ಕೆಲಸವನ್ನು ಲೈಡನ್ನಿನ ಯಾರೋ ನಿನ್ನೆ ಮುಗಿಸಿಬಿಟ್ಟಿದ್ದಾರೆ ಎಂಬುದು ಗೊತ್ತಾಗುವುದೂ ಅಲ್ಲೇ. ಆಮೇಲೆ ಹನ್ನೊಂದರ ಕಾಫಿ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನನ್ನ ಅನುಭವದಲ್ಲಿ ಸೆಮಿನಾರ್ ಹಾಲಿಗಿಂತ ಹೆಚ್ಚು ತೊಡಕುಗಳು ಬಿಡಿಸಿಕೊಂಡಿರುವುದು ಕಾಫಿ ಮೇಜಿನ ಮೇಲೆ, ಬಿಲ್ಲಿನ ಹಿಂಬದಿಯಲ್ಲಿ ಗೀಚಿದ ಗ್ರಾಫಿನಲ್ಲಿ. ವಾರಕ್ಕೊಮ್ಮೆ ಗುಂಪಿನ ಸಭೆ, ಒಂದೆರಡು ಭಾಷಣ. ಮಿಕ್ಕ ಹೊತ್ತೆಲ್ಲ ಪೈಥಾನ್ ಮತ್ತು ದತ್ತಾಂಶ.

ಈ 'ದತ್ತಾಂಶ' ಏನೆಂದು ಹತ್ತಿರದಿಂದ ತೋರಿಸುತ್ತೇನೆ. ಜಿಎಂಆರ್‌ಟಿಯಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿವೆ. ಹದಿನಾಲ್ಕು ನಡುವೆ ಗುಂಪಾಗಿ, ಉಳಿದವು ಮೂರು ತೋಳುಗಳಲ್ಲಿ ಸುಮಾರು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ. ಪ್ರತಿ ಎರಡು ಡಿಶ್‌ಗಳನ್ನು ಜೋಡಿ ಮಾಡಿ ಅಳೆಯುತ್ತಾರೆ. ಅಂದರೆ 435 ಜೋಡಿ, ಕ್ಷಣಕ್ಷಣಕ್ಕೂ, ಸಾವಿರಾರು ಆವರ್ತಾಂಕಗಳಲ್ಲಿ. ನಿಮ್ಮ ಕೈಗೆ ಬರುವುದು ಚಿತ್ರವಲ್ಲ, ಈ ಸಂಖ್ಯೆಗಳ ರಾಶಿ. ಮೊದಲ ಕೆಲಸ ಅದರಲ್ಲಿ ಆಕಾಶದ್ದಲ್ಲದ್ದನ್ನು ಕಿತ್ತುಹಾಕುವುದು. ಒಂದು ಬದಿಗೆ ಸಮಯ, ಇನ್ನೊಂದು ಬದಿಗೆ ಆವರ್ತಾಂಕ ಇಟ್ಟು ಚಿತ್ರ ಬಿಡಿಸಿದರೆ ನೀಲಿ ಹಿನ್ನೆಲೆಯ ಮೇಲೆ ನೇರ ಹಳದಿ ಗೆರೆಗಳು ಕಾಣುತ್ತವೆ: ಇದು ಮೊಬೈಲ್, ಇದು ಉಪಗ್ರಹ, ಅಡ್ಡಡ್ಡ ಚೆಲ್ಲಿಕೊಂಡಿರುವುದು ವಿದ್ಯುತ್ ತಂತಿಯಲ್ಲಿ ಎಲ್ಲೋ ಕಿಡಿ ಹಾರುತ್ತಿರುವುದು. W04 ಡಿಶ್ ಅವತ್ತು ರಿಪೇರಿಯಲ್ಲಿತ್ತು, ತೆಗೆಯಿರಿ. C11 ಅರ್ಧ ಗಂಟೆ ಸರಿಯಾಗಿದ್ದು ಆಮೇಲೆ ದಾರಿ ತಪ್ಪಿದೆ, ಅಷ್ಟು ಹೊತ್ತಿನದು ಮಾತ್ರ ತೆಗೆಯಿರಿ. ನಂತರ 3ಸಿ286 ಥರದ, ಹೊಳಪು ಚೆನ್ನಾಗಿ ಗೊತ್ತಿರುವ ಮೂಲವನ್ನು ಆಧಾರವಾಗಿಟ್ಟುಕೊಂಡು ಎಲ್ಲ ಡಿಶ್‌ಗಳ ಅಳತೆಯನ್ನು ಸರಿಹೊಂದಿಸಬೇಕು. ಚಿತ್ರ ಮಾಡಬೇಕು, ದೋಷ ಕಾಣಬೇಕು, ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕು. ಒಂದು ಚಿತ್ರ ಸರಿಯಾಗುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಈ ವಾರಗಳಲ್ಲಿ ಬೇಸರ ಆಗುತ್ತದೆಯೇ ಎಂದು ಕೇಳಿದರೆ, ಆಗುತ್ತದೆ. ಕೆಲವರಿಗೆ ಬೇಸರದ ಒಳಗೇ ಒಂದು ಹಟ ಹುಟ್ಟುತ್ತದೆ: ಈ ಹಳದಿ ಗೆರೆ ಎಲ್ಲಿಂದ ಬಂತು ಎಂದು ತಿಳಿಯದೆ ಊಟ ಸೇರುವುದಿಲ್ಲ. ಅಂಥವರು ಈ ಕ್ಷೇತ್ರದಲ್ಲಿ ಉಳಿಯುತ್ತಾರೆ. 'ನನಗೆ ಚಿಕ್ಕಂದಿನಿಂದ ನಕ್ಷತ್ರ ಅಂದ್ರೆ ಪ್ರಾಣ' ಎನ್ನುವವರಲ್ಲಿ ಉಳಿಯುವವರೂ ಇದ್ದಾರೆ, ಎರಡನೇ ವರ್ಷಕ್ಕೆ ಬಾಡಿಹೋಗುವವರೂ ಇದ್ದಾರೆ. ಆ ಪ್ರೀತಿಯಿಂದ ಏನನ್ನೂ ಊಹಿಸಲಾಗದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಎರಡನೇ ಭಯ ಗಣಿತ. ಇದಕ್ಕೆ ನಿಮ್ಮ ಊರ ನೀರಿನ ಮೇಲೇ ನಡೆದ ಒಂದು ಪ್ರಯೋಗ ಹೇಳಬೇಕು.

ಮಹಾಸ್ಫೋಟದ ನಂತರ ಬಹುಕಾಲ ವಿಶ್ವ ಕತ್ತಲಾಗಿತ್ತು, ನಕ್ಷತ್ರಗಳಿನ್ನೂ ಹುಟ್ಟಿರಲಿಲ್ಲ. ಎಲ್ಲೆಲ್ಲೂ ಇದ್ದದ್ದು ಹೆಚ್ಚಾಗಿ ಜಲಜನಕ. ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಆ ಜಲಜನಕ ಹಿನ್ನೆಲೆ ವಿಕಿರಣದ ಒಂದಿಷ್ಟನ್ನು ಹೀರಿರಬೇಕು. ಆ ಗುರುತು 21 ಸೆಂಟಿಮೀಟರ್ ತರಂಗದಲ್ಲಿ, ಅಂದರೆ 1,420 ಮೆಗಾಹರ್ಟ್ಸ್‌ನಲ್ಲಿ ಮೂಡಿದ್ದು, ವಿಶ್ವ ಹಿಗ್ಗುತ್ತಾ ಬಂದಂತೆ ಹಿಗ್ಗಿ ನಮ್ಮನ್ನು ತಲುಪುವಾಗ 100 ಮೆಗಾಹರ್ಟ್ಸ್‌ಗಿಂತ ಕೆಳಗೆ ಇಳಿದಿರುತ್ತದೆ. ನಾವು ಕೇಳುವ ಎಫ್‌ಎಂ ಬಾನುಲಿಯ ಪಟ್ಟಿ ಶುರುವಾಗುವುದೇ 88ರಿಂದ. ತೊಂದರೆ ಎಷ್ಟಿರಬಹುದು ನೋಡಿ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಎಡ್ಜಸ್ ಎಂಬ ಉಪಕರಣ ಇಟ್ಟಿದ್ದ ಅಮೆರಿಕದ ತಂಡ, 78 ಮೆಗಾಹರ್ಟ್ಸ್ ಸುತ್ತ ಅಂಥದೊಂದು ತಗ್ಗು ಕಂಡಿದೆ ಎಂದು ಪ್ರಕಟಿಸಿತು. ಸುದ್ದಿ ದೊಡ್ಡದಾಯಿತು, ಏಕೆಂದರೆ ತಗ್ಗಿನ ಆಳ ಸುಮಾರು ಅರ್ಧ ಕೆಲ್ವಿನ್ (ರೇಡಿಯೊ ಸಂಕೇತದ ಬಲವನ್ನು ತಾಪದ ಅಳತೆಯಲ್ಲಿ ಹೇಳುವುದು ನಮ್ಮ ರೂಢಿ). ಸಿದ್ಧಾಂತ ಅಷ್ಟು ಆಳವನ್ನು ಒಪ್ಪುತ್ತಿರಲಿಲ್ಲ. ಕಣ್ಣಿಗೆ ಕಾಣದ ಕಪ್ಪುದ್ರವ್ಯ ಜಲಜನಕವನ್ನು ತಂಪು ಮಾಡಿತೇ ಎಂದು ಪ್ರಬಂಧಗಳ ಮೇಲೆ ಪ್ರಬಂಧ ಬಂದವು. ಸಿದ್ಧಾಂತದವರಿಗೆ ಹಬ್ಬ.

ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಕೇಳಿದ್ದು ಬೇರೆ ಪ್ರಶ್ನೆ: ಆ ತಗ್ಗು ಆಕಾಶದ್ದೋ, ಆಂಟೆನಾದ್ದೋ? ಆ ಆವರ್ತಾಂಕದಲ್ಲಿ ನಮ್ಮ ಗೆಲಾಕ್ಸಿಯೇ ಸಾವಿರಾರು ಕೆಲ್ವಿನ್ ಗದ್ದಲ ಮಾಡುತ್ತದೆ. ಅದರೊಳಗಿಂದ ಅರ್ಧ ಕೆಲ್ವಿನ್ ಹೆಕ್ಕಬೇಕೆಂದರೆ ಆಂಟೆನಾ ಕೆಳಗಿನ ನೆಲ ಹೇಗೆ ಪ್ರತಿಫಲಿಸುತ್ತದೆ ಎಂಬುದು ಕೂಡ ಲೆಕ್ಕಕ್ಕೆ ಸಿಗಬೇಕು. ನೆಲ ಒಂದೇ ಥರ ಇರುವುದಿಲ್ಲ: ಮೇಲೆ ಒಣ ಮಣ್ಣು, ಕೆಳಗೆ ತೇವ, ಅದರ ಕೆಳಗೆ ಬಂಡೆ. ನೀರು ಹಾಗಲ್ಲ, ಸಾಕಷ್ಟು ಆಳದ ಸಿಹಿನೀರು ಮೇಲಿಂದ ಕೆಳಗಿನವರೆಗೆ ಏಕರೂಪ, ಅದರ ಗುಣ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸಾರಸ್-3 ಎಂಬ ತಮ್ಮ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ವಿಶ್ವದ ಮೊದಲ ನಕ್ಷತ್ರಗಳ ಸುದ್ದಿ ಹುಡುಕಲು ಹಿನ್ನೀರು ಆರಿಸಿದ್ದಕ್ಕೆ ಕಾರಣ ಇಷ್ಟೇ, ಅಲ್ಲಿ ಊರುಗಳ ರೇಡಿಯೊ ಗಲಾಟೆ ಕಡಿಮೆ, ನೀರು ಆಳ. ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಜತೆಗಾರರ ಫಲಿತಾಂಶ 2022ರ ಫೆಬ್ರುವರಿಯಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಬಂತು: ಆ ತಗ್ಗು ತಮ್ಮ ದತ್ತಾಂಶದಲ್ಲಿ ಇಲ್ಲ, ಎಡ್ಜಸ್ ಹೇಳಿದ ಆಕಾರವನ್ನು ಶೇಕಡಾ 95.3 ವಿಶ್ವಾಸದೊಂದಿಗೆ ತಳ್ಳಿಹಾಕಬಹುದು.

ಆ ಪ್ರಬಂಧದ ಲೇಖಕರ ಪಟ್ಟಿಯಲ್ಲಿ ರಿಸೀವರ್, ಡಿಜಿಟಲ್ ಸರ್ಕ್ಯೂಟ್, ಆಂಟೆನಾ ಕಟ್ಟಿದ ಎಂಜಿನಿಯರುಗಳೂ ಇದ್ದಾರೆ. ವಿಶ್ವವಿಜ್ಞಾನವೇ ಅದು. ಐನ್‌ಸ್ಟೈನ್ ಸಮೀಕರಣ ಬಿಡಿಸಲು ಬೇಕಾದ ಗಣಿತ ಅಲ್ಲಿ ದಿನನಿತ್ಯ ಬೇಕಾಗುವುದಿಲ್ಲ. ದಿನನಿತ್ಯ ಬೇಕಾಗುವುದು ಸಂಕೇತವನ್ನು ಆವರ್ತಾಂಕಗಳಾಗಿ ಬಿಡಿಸುವ ಫೂರಿಯೆ ರೂಪಾಂತರ, ಸಂಖ್ಯಾಶಾಸ್ತ್ರ, ಸರ್ಕ್ಯೂಟ್ ಜ್ಞಾನ, ಒಂದು ಕೇಬಲ್ ಬಿಸಿಲಿಗೆ ಬಿಸಿಯಾದರೆ ಏನಾಗುತ್ತದೆ ಎಂಬ ಅನುಮಾನ. ಎಲೆಕ್ಟ್ರಾನಿಕ್ಸ್ ಇಷ್ಟಪಡುವ ನಿಮ್ಮಂಥವರು ನಮಗೆ ಬೇಕು, ಮತ್ತು ಅಂಥವರು ಅರ್ಜಿ ಹಾಕುವುದೇ ಕಡಿಮೆ. ಭೌತಶಾಸ್ತ್ರ ಓದಿದವರೆಲ್ಲ ಕಪ್ಪುರಂಧ್ರದ ಸಿದ್ಧಾಂತಕ್ಕೇ ಮುಗಿಬೀಳುತ್ತಾರೆ. ಸಾಪೇಕ್ಷತೆಯ ಕೋರ್ಸನ್ನು ಮೊದಲ ವರ್ಷದ ಕೋರ್ಸ್‌ವರ್ಕ್‌ನಲ್ಲಿ ಓದಬೇಕಾದೀತು, ಪಾಸೂ ಮಾಡಬೇಕಾದೀತು. ಕೈಕಾಲು ತಣ್ಣಗಾದರೂ ಪಾಸಾದವರು ನಮ್ಮಲ್ಲಿ ತುಂಬ ಜನ.

ಸಾರಸ್ ಕಥೆಯಿಂದ ಇನ್ನೊಂದನ್ನು ಗಮನಿಸಿ. ಅಷ್ಟೆಲ್ಲ ವರ್ಷದ ದುಡಿಮೆಯ ಫಲ 'ಇಲ್ಲ' ಎಂಬ ಉತ್ತರ. ನಮ್ಮಲ್ಲಿ ಅದು ಸೋಲು ಅನ್ನಿಸಿಕೊಳ್ಳುವುದಿಲ್ಲ. 'ಇದ್ದರೆ ಇಷ್ಟಕ್ಕಿಂತ ದುರ್ಬಲ' ಎಂದು ಗಟ್ಟಿಯಾಗಿ ಹೇಳುವ ಪ್ರಬಂಧಕ್ಕೂ ಪಿಎಚ್‌ಡಿ ಸಿಗುತ್ತದೆ. 2014ರಲ್ಲಿ ಬೈಸೆಪ್-2 ತಂಡ ದಕ್ಷಿಣ ಧ್ರುವದಿಂದ ವಿಶ್ವದ ಮೊದಲ ಕ್ಷಣದ ಗುರುತ್ವ ಅಲೆಗಳ ಸುಳಿವು ಸಿಕ್ಕಿತೆಂದು ಪತ್ರಿಕಾಗೋಷ್ಠಿ ಮಾಡಿತು. ಮರುವರ್ಷ ಪ್ಲಾಂಕ್ ಉಪಗ್ರಹದ ದತ್ತಾಂಶ ಸೇರಿಸಿ ನೋಡಿದಾಗ ಆ ಸಂಕೇತವನ್ನು ನಮ್ಮ ಗೆಲಾಕ್ಸಿಯ ಧೂಳೇ ವಿವರಿಸಬಲ್ಲದು ಎಂದಾಯಿತು. ಮನೆಯವರಿಗೆ ಇದನ್ನು ವಿವರಿಸುವುದು ಮಾತ್ರ ಕಷ್ಟ. 'ಏನು ಕಂಡುಹಿಡಿದೆ ಮಗಳೇ?' ಅಂದರೆ 'ಅವರು ಕಂಡದ್ದು ಇಲ್ಲ ಅಂತ ಕಂಡುಹಿಡಿದೆ' ಅನ್ನಬೇಕಾಗುತ್ತದೆ.

ಕನ್ನಡ ಮಾಧ್ಯಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ವರ್ಷ ಸೆಮಿನಾರಿನಲ್ಲಿ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ಅದು ಇಂಗ್ಲಿಷ್ ಮಾಧ್ಯಮದವರಿಗೂ ಏಳುವುದಿಲ್ಲ, ಅವರು ತೋರಿಸಿಕೊಳ್ಳುವುದಿಲ್ಲ ಅಷ್ಟೆ. ಬರವಣಿಗೆ ಮಾತ್ರ ಕಲಿಯಲೇಬೇಕಾದ ವಿದ್ಯೆ. ಮಾಡಿದ್ದನ್ನು ದಿನಾ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದಿಡುವ ರೂಢಿ ಹಾಕಿಕೊಂಡರೆ ಮೂರನೇ ವರ್ಷದಲ್ಲಿ ಅರ್ಧ ಪ್ರಬಂಧ ಅಲ್ಲೇ ಇರುತ್ತದೆ.

ಈಗ ನೀವು ಅಷ್ಟಾಗಿ ಒತ್ತಿ ಕೇಳದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಮಾರ್ಗದರ್ಶಕರು. ಪಿಎಚ್‌ಡಿ ಬಿಟ್ಟು ಹೋದವರನ್ನು ನೋಡಿದ್ದೇನೆ. ವಿಷಯ ಕಷ್ಟವಾಯಿತೆಂದು ಬಿಟ್ಟವರು ಕಡಿಮೆ. ಮಾರ್ಗದರ್ಶಕರು ತಿಂಗಳಿಗೊಮ್ಮೆಯೂ ಸಿಗುವುದಿಲ್ಲ, ಅಥವಾ ದಿನಕ್ಕೆ ಮೂರು ಸಲ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ, ಅಥವಾ ಬರೆದದ್ದನ್ನು ಓದದೆ ಎಂಟು ತಿಂಗಳು ಇಟ್ಟುಕೊಳ್ಳುತ್ತಾರೆ ಎಂದು ಬಿಟ್ಟವರೇ ಹೆಚ್ಚು. ದೊಡ್ಡ ಹೆಸರಿನ ಬಳಿ ಸೇರುವುದರಲ್ಲಿ ಲಾಭ ಇದೆ: ಅವರ ಶಿಫಾರಸು ಪತ್ರಕ್ಕೆ ತೂಕವಿದೆ, ಅವರ ಹೆಸರಿನಿಂದ ಬಾಗಿಲು ತೆರೆಯುತ್ತದೆ. ಆದರೆ ಅವರ ಗುಂಪಿನಲ್ಲಿ ಹತ್ತು ಜನ ಇದ್ದರೆ ನಿಮಗೆ ದಿನನಿತ್ಯ ದಾರಿ ತೋರಿಸುವವರು ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವವರು), ಮತ್ತು ಆ ಪೋಸ್ಟ್‌ಡಾಕ್ ಎರಡು ವರ್ಷದಲ್ಲಿ ಬೇರೆ ದೇಶಕ್ಕೆ ಹೋಗುತ್ತಾರೆ. ನಿವೃತ್ತಿ ಹತ್ತಿರವಿದ್ದರೆ ನಾಲ್ಕನೇ ವರ್ಷದಲ್ಲಿ ನೀವು ಯಾರ ವಿದ್ಯಾರ್ಥಿ ಎಂಬ ಗೊಂದಲ ಬರಬಹುದು. ಹೊಸಬರ ಬಳಿ ಸಮಯ ಇರುತ್ತದೆ, ಹಸಿವು ಇರುತ್ತದೆ, ನಿಮ್ಮ ಗೆಲುವು ಅವರಿಗೂ ಬೇಕಾಗಿರುತ್ತದೆ. ಅನುದಾನ ಮತ್ತು ಅನುಭವ ಎರಡೂ ಕಡಿಮೆ ಇರಬಹುದು.

ಉಪಕರಣದ ಗುಂಪಿಗೆ ಅದರದೇ ಒಂದು ಅಪಾಯವಿದೆ. ಯಂತ್ರ ತಯಾರಾಗುವ ಮುಂಚೆ ನಿಮ್ಮ ಫೆಲೋಶಿಪ್ ಮುಗಿಯಬಹುದು. ಸೂರ್ಯನನ್ನು ನೋಡುವ ಆದಿತ್ಯ-ಎಲ್1 ನೌಕೆಯ ಯೋಜನೆಯ ಮೊಳಕೆ 2008ರ ಹೊತ್ತಿನದು. ಉಡಾವಣೆಯಾದದ್ದು 2023ರ ಸೆಪ್ಟೆಂಬರ್ 2ಕ್ಕೆ. ಅಷ್ಟರಲ್ಲಿ ಮೂರು ಪೀಳಿಗೆಯ ವಿದ್ಯಾರ್ಥಿಗಳು ಬಂದು ಹೋಗಬಹುದು. ಬಾಹ್ಯಾಕಾಶಕ್ಕೆ ಹೋಗುವ ಉಪಕರಣ ಎಂದರೆ ಮನಸ್ಸು ಹಿಗ್ಗುತ್ತದೆ ನಿಜ, ಆದರೆ ಉಡಾವಣೆಯ ದಿನಾಂಕಕ್ಕೆ ನಿಮ್ಮ ಪದವಿಯನ್ನು ಕಟ್ಟಿಹಾಕಬೇಡಿ. ಕೇಳಬೇಕಾದ ಪ್ರಶ್ನೆ: ಯಂತ್ರ ತಡವಾದರೆ ನನ್ನ ಪ್ರಬಂಧಕ್ಕೆ ಬೇರೆ ಯಾವ ದತ್ತಾಂಶ ಇದೆ? ಇದಕ್ಕೆ ಆ ಹೊಸಬರು ಥಟ್ಟನೆ ಉತ್ತರ ಕೊಟ್ಟರೆ, ಉದಾಹರಣೆಗೆ 'ಮೊದಲ ಅಧ್ಯಾಯ ಜಿಎಂಆರ್‌ಟಿ ಹಳೆಯ ದತ್ತಾಂಶದ್ದು, ಎರಡನೆಯದು ರಿಸೀವರ್ ವಿನ್ಯಾಸದ್ದು' ಎಂದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಅವರ ಬಳಿಯೇ ಸೇರುತ್ತಿದ್ದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರೆ ಸೇರುತ್ತಿರಲಿಲ್ಲ.

ಉಳಿದದ್ದನ್ನು ಅವರನ್ನು ಕೇಳಬೇಡಿ, ಅವರ ವಿದ್ಯಾರ್ಥಿಗಳನ್ನು ಕೇಳಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ, ಯಾರಾದರೂ ನಡುವೆ ಬಿಟ್ಟರೇ, ಫೆಲೋಶಿಪ್ ತಿಂಗಳು ತಿಂಗಳು ಬರುತ್ತದೆಯೇ? ಕೆಲವು ಕಡೆ ಮೂರ್ನಾಲ್ಕು ತಿಂಗಳು ತಡವಾಗಿ ಒಟ್ಟಿಗೆ ಬರುವುದುಂಟು. ಬೆಂಗಳೂರಿನಲ್ಲಿ ಅದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳನ್ನು ಪ್ರತ್ಯೇಕವಾಗಿ ಮಾತಾಡಿಸಿ. ಕ್ಷೇತ್ರಕಾರ್ಯದ ಜಾಗದಲ್ಲಿ ಶೌಚಾಲಯ, ಉಳಿಯುವ ವ್ಯವಸ್ಥೆ ಹೇಗೆ, ಆಂತರಿಕ ದೂರು ಸಮಿತಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳಿ. ಸಮಿತಿ ಇರುವುದು ಕಾನೂನಿನ ಪ್ರಕಾರ ಕಡ್ಡಾಯ. ಬಾಗಿಲು ತಟ್ಟಿದರೆ ತೆರೆಯುತ್ತದೆಯೇ ಎಂಬುದು ಒಳಗಿದ್ದವರಿಗೇ ಗೊತ್ತು. ಅಮ್ಮನ ಆತಂಕಕ್ಕೆ ನಿಜವಾದ ಉತ್ತರ ಅವರ ಬಾಯಲ್ಲೇ ಸಿಗುತ್ತದೆ, ನನ್ನ ಬಾಯಲ್ಲಲ್ಲ.

ಇನ್ನು ಮಾವನ ಪ್ರಶ್ನೆ. ಜೆಆರ್‌ಎಫ್ (ಪಿಎಚ್‌ಡಿ ವಿದ್ಯಾರ್ಥಿಯ ಆರಂಭದ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಪರಿಶೀಲನೆ ದಾಟಿದರೆ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಪಿಯು ಕಾಲೇಜಿನ 28 ಸಾವಿರಕ್ಕಿಂತ ಜಾಸ್ತಿ ಎಂದು ಹೇಳಿ ಅವರನ್ನು ಒಪ್ಪಿಸಬಹುದು. ಆದರೆ ಪೂರ್ತಿ ಲೆಕ್ಕ ಕೊಡಿ: ಇದರಲ್ಲಿ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ವರ್ಷದ ಇನ್‌ಕ್ರಿಮೆಂಟ್ ಇಲ್ಲ, ಐದು ವರ್ಷಕ್ಕೆ ನಿಲ್ಲುತ್ತದೆ. ಆರನೇ ವರ್ಷಕ್ಕೆ ಕೆಲಸ ಎಳೆಯುವುದು ಅಪರೂಪವೇನಲ್ಲ. ಆ ವರ್ಷ ಯಾರು ದುಡ್ಡು ಕೊಡುತ್ತಾರೆ ಎಂಬುದನ್ನು ಈಗಲೇ ಕೇಳಿಡಿ. ನಡುವೆ ಬಿಟ್ಟರೆ ಹಿಂದೆ ಎಂಫಿಲ್ ಪದವಿಯಾದರೂ ಕೈಗೆ ಬರುತ್ತಿತ್ತು. ಈಗ ಅದನ್ನು ನಿಲ್ಲಿಸಿದ್ದಾರೆ. ಎಂಎಸ್ಸಿ ಮುಗಿಸಿ ಬಂದ ನಿಮ್ಮಂಥವರು ಮೂರನೇ ವರ್ಷದಲ್ಲಿ ಹೊರಗೆ ಹೋದರೆ ಕಲಿತ ವಿದ್ಯೆ ಇರುತ್ತದೆ, ಕಾಗದ ಇರುವುದಿಲ್ಲ.

ಪಿಎಚ್‌ಡಿ ಆದ ಮೇಲಿನ ದಾರಿ ಕಿರಿದು. ಪ್ರಾಧ್ಯಾಪಕ ಹುದ್ದೆಗೆ ಮುಂಚೆ ಒಂದೆರಡು, ಈಚೆಗೆ ಮೂರು ಪೋಸ್ಟ್‌ಡಾಕ್‌ಗಳೂ ಆಗುತ್ತವೆ. ಒಂದೊಂದೂ ಎರಡು ಮೂರು ವರ್ಷದ ಗುತ್ತಿಗೆ, ಹೆಚ್ಚಾಗಿ ವಿದೇಶದಲ್ಲಿ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಅರ್ಜಿಗಳ ಸುಗ್ಗಿ. ಅಮೆರಿಕದ ಹುದ್ದೆಗಳಿಗೆ ಫೆಬ್ರುವರಿ 15ಕ್ಕೆ ಮುಂಚೆ ಉತ್ತರಕ್ಕೆ ಒತ್ತಾಯಿಸಬಾರದೆನ್ನುವುದು ಅಲ್ಲಿನ ರೂಢಿ, ಹಾಗಾಗಿ ಆ ವಾರ ನಮ್ಮ ಕಾರಿಡಾರುಗಳಲ್ಲಿ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಇದೇ ಕ್ಷೇತ್ರದವರಾದರೆ ಒಬ್ಬರು ಗ್ರೋನಿಂಗನ್‌ನಲ್ಲಿ ಒಬ್ಬರು ಪುಣೆಯಲ್ಲಿ ಇರುವುದುಂಟು. ಎಲ್ಲ ದಾಟಿ ಕಾಯಂ ಹುದ್ದೆ ಹಿಡಿಯುವವರು ಪಿಎಚ್‌ಡಿ ಮಾಡಿದವರಲ್ಲಿ ಕಡಿಮೆ ಪಾಲು. ಇದನ್ನು ಸೇರುವ ದಿನವೇ ತಿಳಿದಿರಬೇಕು. ನಮ್ಮಲ್ಲಿ ಹಲವು ಮಾರ್ಗದರ್ಶಕರು ಇದನ್ನು ಹೇಳುವುದಿಲ್ಲ. ತಾವು ದಾಟಿ ಬಂದ ಸೇತುವೆ ಎಲ್ಲರಿಗೂ ಇದೆ ಎಂಬ ಭ್ರಮೆ ಇರಬೇಕು.

ಉಳಿದವರು ಏನಾಗುತ್ತಾರೆ? ಸಂಕೇತ ಸಂಸ್ಕರಣೆ, ದತ್ತಾಂಶ ವಿಶ್ಲೇಷಣೆ ಬಲ್ಲವರಿಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಬರವಿಲ್ಲ. ಉಪಕರಣ ಕಟ್ಟಿದವರಿಗೆ ಇನ್ನೂ ಸುಲಭ. ರಿಸೀವರ್ ಮಾಡಲು ಬರುವವರು ಬಾಹ್ಯಾಕಾಶ, ಸಂವಹನ ಕಂಪನಿಗಳಿಗೂ ಬೇಕು. ಶುದ್ಧ ಸಿದ್ಧಾಂತದವರು ಹೊರಗೆ ಹೋಗುವಾಗ ಒಂದು ವರ್ಷ ಹೊಸದಾಗಿ ಕಲಿಯಬೇಕಾಗುತ್ತದೆ. ಪಾಠ ಮಾಡುವ ಆಸೆಯಿದ್ದರೆ ಪಿಎಚ್‌ಡಿ ನಡುವೆಯೇ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸು ಮಾಡಿಟ್ಟುಕೊಳ್ಳಿ. ಆಮೇಲೆ ಓದುವ ವ್ಯವಧಾನ ಇರುವುದಿಲ್ಲ, ನೇಮಕಾತಿಯ ನಿಯಮವೂ ಆಗಾಗ ಬದಲಾಗುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು. ಈಗ ಸೇರಬಹುದು. ಅಥವಾ ಪಿಯು ಕಾಲೇಜಿಗೆ ಒಂದು ವರ್ಷ ಹೋಗಿ ಮುಂದಿನ ವರ್ಷ ಪ್ರಯತ್ನಿಸಬಹುದು. ಆಗ ಪರೀಕ್ಷೆ, ಸಂದರ್ಶನ ಎರಡೂ ಮೊದಲಿಂದ, ಮತ್ತು ದಿನಕ್ಕೆ ನಾಲ್ಕೈದು ತರಗತಿ ತೆಗೆದುಕೊಂಡು ಸಂಜೆ ಕ್ವಾಂಟಂ ಯಂತ್ರಶಾಸ್ತ್ರ ಓದುತ್ತೇನೆ ಎಂದವರು ಓದಿದ್ದನ್ನು ನಾನು ಹೆಚ್ಚು ನೋಡಿಲ್ಲ. ಮನೆಯ ಹಣದ ಪರಿಸ್ಥಿತಿ ಬಿಗಿಯಾಗಿದ್ದು ನಿಮ್ಮ ಸಂಬಳ ಈಗಲೇ ಬೇಕೇಬೇಕು ಎಂದಿದ್ದರೆ ಮಾತು ಬೇರೆ, ಆದರೆ ನಿಮ್ಮ ಪತ್ರದಲ್ಲಿ ಹಾಗೆ ಕಾಣಲಿಲ್ಲ. ಮೂರನೆಯದು, ಪ್ರಾಜೆಕ್ಟ್ ಸಹಾಯಕಿಯಾಗಿ ಆರು ತಿಂಗಳೋ ವರ್ಷವೋ ಉಪಕರಣದ ಗುಂಪಿನಲ್ಲೇ ಕೆಲಸ ಮಾಡುವುದು. ಸೀಟು ಇಲ್ಲದವರಿಗೆ ಇದು ಅತ್ಯುತ್ತಮ. ಸೀಟು ಕೈಯಲ್ಲಿರುವ ನಿಮಗೆ ಬೇಡ. ವಿದೇಶದ ಪಿಎಚ್‌ಡಿ ಬಗ್ಗೆ ನೀವು ಕೇಳಿಲ್ಲ, ನಾನೂ ಬಿಡುತ್ತೇನೆ. ಮದುವೆಯ ಮಾತು ಪತ್ರದಲ್ಲಿಲ್ಲ, ಮನೆಯಲ್ಲಿ ಇದ್ದೇ ಇರುತ್ತದೆ. ಪಿಎಚ್‌ಡಿ ಅವಧಿಯಲ್ಲಿ ಯುಜಿಸಿ ನಿಯಮದಂತೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ, ಮಹಿಳೆಯರಿಗೆ ಅವಧಿಯಲ್ಲೂ ಎರಡು ವರ್ಷದ ಸಡಿಲಿಕೆ ಇದೆ. ಆಗುವುದಾದರೆ ಓದು ನಿಲ್ಲಬೇಕಿಲ್ಲ.

ನನ್ನ ಸಲಹೆ: ಸೇರಿ, ಉಪಕರಣದ ಗುಂಪಿಗೆ ಸೇರಿ, ಆದರೆ ಮೇಲೆ ಹೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ. ಬಹುತೇಕ ಸಂಸ್ಥೆಗಳಲ್ಲಿ ಮೊದಲ ವರ್ಷ ಕೋರ್ಸ್‌ವರ್ಕ್ ಮುಗಿಯುವವರೆಗೆ ಮಾರ್ಗದರ್ಶಕರನ್ನು ಅಂತಿಮವಾಗಿ ಆರಿಸಬೇಕಿಲ್ಲ, ಸಣ್ಣ ಪ್ರಾಜೆಕ್ಟ್ ಮಾಡಿ ನೋಡಲು ಅವಕಾಶವಿದೆ. ನಿಮ್ಮ ಪತ್ರದಲ್ಲಿ ಈಗಲೇ ಆರಿಸಬೇಕು ಎಂಬಂತೆ ಇದೆ; ಅದು ನಿಯಮವೋ ಯಾರೋ ಹೇಳಿದ್ದೋ ಎಂದು ಕಚೇರಿಗೆ ಮೇಲ್ ಬರೆದು ಖಚಿತ ಮಾಡಿಕೊಳ್ಳಿ. ಈ ವಾರವೇ ಎರಡೂ ಗುಂಪಿನ ಒಬ್ಬೊಬ್ಬ ವಿದ್ಯಾರ್ಥಿಗೆ ನಾಲ್ಕು ಸಾಲಿನ ಪತ್ರ ಹಾಕಿ, ಗುಂಪಿನ ಸಭೆಯಲ್ಲಿ ಒಂದು ದಿನ ಹಿಂದೆ ಕೂರಲು ಅನುಮತಿ ಕೇಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಸಭೆಯಲ್ಲಿ ವಿಜ್ಞಾನ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅತಿ ಕಿರಿಯ ವಿದ್ಯಾರ್ಥಿ ತಪ್ಪು ಗ್ರಾಫ್ ತೋರಿಸಿದಾಗ ಹಿರಿಯರು ಏನು ಮಾಡುತ್ತಾರೆ ಎಂಬುದನ್ನು ಮಾತ್ರ ನೋಡಿಕೊಂಡು ಬನ್ನಿ. ಸಾಗರದಿಂದ ರಾತ್ರಿ ರೈಲು ಇದೆ. ಅಮ್ಮನನ್ನೂ ಕರೆದುಕೊಂಡು ಹೋಗಿ, ಹಾಸ್ಟೆಲ್ ತೋರಿಸಿ.